ರಾತ್ರಿ ಪಾಳಿಯ ವಿರಾಮದಲ್ಲಿ ನಿದ್ದೆ: ಚೆನ್ನೈನ ಒಂದು ಪ್ರಯೋಗ ಮತ್ತು ಕೂಲಿಯ ಪ್ರಶ್ನೆ

ಚೆನ್ನೈನ ಕಡಿಮೆ ಆದಾಯದ ದುಡಿಮೆಗಾರರು ರಾತ್ರಿ ಸುಮಾರು ಎಂಟು ಗಂಟೆ ಹಾಸಿಗೆಯ ಮೇಲಿರುತ್ತಾರೆ; ನಿದ್ದೆ ದಕ್ಕುವುದು ಐದೂವರೆ ಗಂಟೆ ಮಾತ್ರ. ಅದೂ ತುಂಡು ತುಂಡು ನಿದ್ದೆ. ಒಂದು ರಾತ್ರಿಯಲ್ಲಿ ಸರಾಸರಿ 32 ಬಾರಿ ಎಚ್ಚರವಾಗುತ್ತದೆ. ಪೆಡ್ರೊ ಬೆಸ್ಸೋನೆ, ಗೌತಮ್ ರಾವ್, ಫ್ರಾಂಕ್ ಶಿಲ್ಬಾಕ್, ಹೀದರ್ ಸ್ಕೋಫೀಲ್ಡ್ ಮತ್ತು ಮ್ಯಾಟಿ ಟೋಮಾ ಎಂಬ ಐವರು ಅರ್ಥಶಾಸ್ತ್ರಜ್ಞರು ನಗರದ 452 ಮಂದಿಯನ್ನು ಒಂದು ತಿಂಗಳ ಕಾಲ ಡೇಟಾ ಎಂಟ್ರಿ ಕೆಲಸಕ್ಕೆ ತೆಗೆದುಕೊಂಡು, ಮಣಿಕಟ್ಟಿಗೆ ಚಲನೆ ಅಳೆಯುವ ಸಾಧನ ಕಟ್ಟಿ ಈ ಲೆಕ್ಕ ತೆಗೆದರು. ಸೆಕೆ, ಸೊಳ್ಳೆ, ಬೀದಿಯ ಗದ್ದಲ, ಬೆಳಕು: ನಿದ್ದೆ ಕೆಡಿಸುವ ಕಾರಣಗಳಿಗೆ ಆ ಮನೆಗಳಲ್ಲಿ ಕೊರತೆಯಿರಲಿಲ್ಲ. ಅಧ್ಯಯನ 2021ರಲ್ಲಿ 'ಕ್ವಾರ್ಟರ್ಲಿ ಜರ್ನಲ್ ಆಫ್ ಎಕನಾಮಿಕ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಸಂಶೋಧಕರು ಎರಡು ದಾರಿ ಹಿಡಿದರು. ಒಂದು ಗುಂಪಿಗೆ ಫ್ಯಾನು, ಹಾಸಿಗೆ, ದಿಂಬು, ಕಣ್ಣುಪಟ್ಟಿ, ಕಿವಿಗೆ ಇಡುವ ಬಿರಡೆ ಮುಂತಾದವನ್ನು ಕೊಟ್ಟು ಮನೆಯ ನಿದ್ದೆ ಹೆಚ್ಚಿಸಲು ನೋಡಿದರು. ನಿದ್ದೆ ರಾತ್ರಿಗೆ 27 ನಿಮಿಷ ಹೆಚ್ಚಿತು. ಆದರೆ ಕೆಲಸದ ವೇಗದಲ್ಲಾಗಲಿ, ಬುದ್ಧಿಯ ಚುರುಕಿನಲ್ಲಾಗಲಿ, ಮನಸ್ಸಿನ ನೆಮ್ಮದಿಯಲ್ಲಾಗಲಿ ಎದ್ದು ಕಾಣುವ ಬದಲಾವಣೆ ಆಗಲಿಲ್ಲ. ಇನ್ನೊಂದು ಗುಂಪಿಗೆ ಕೆಲಸದ ಜಾಗದಲ್ಲೇ ಮಧ್ಯಾಹ್ನ ಅರ್ಧ ಗಂಟೆ ಮಲಗಲು ನಿಶ್ಶಬ್ದ ಸ್ಥಳ ಒದಗಿಸಿದರು. ಅವರಿಗೆ ಬಂದ ನಿದ್ದೆ ಕಾಲು ಗಂಟೆಯನ್ನೂ ಮುಟ್ಟಲಿಲ್ಲ. ಆದರೂ ಆ ಕೋಳಿನಿದ್ದೆಯಿಂದ ಉತ್ಪಾದಕತೆ ಶೇ. 2.3ರಷ್ಟು ಏರಿತು, ಗಮನ ಹರಿತವಾಯಿತು, ಮನಸ್ಸು ಹಗುರವಾಯಿತು.

ಈ ಅಧ್ಯಯನವನ್ನು ಉಲ್ಲೇಖಿಸುವ ಬಹಳಷ್ಟು ಬರಹಗಳು ಇಲ್ಲಿಗೇ ನಿಲ್ಲುತ್ತವೆ. ಮುಂದಿನ ಅಂಕಿಯೇ ಮುಖ್ಯವಾದದ್ದು. ಸುಮ್ಮನೆ ವಿರಾಮ ತೆಗೆದುಕೊಂಡವರಿಗೆ ಹೋಲಿಸಿದರೆ ಮಲಗಿದವರ ಗಳಿಕೆ ಶೇ. 4.1ರಷ್ಟು ಹೆಚ್ಚು, ಅದೇ ಅರ್ಧ ಗಂಟೆಯಲ್ಲೂ ದುಡಿದವರಿಗೆ ಹೋಲಿಸಿದರೆ ಶೇ. 8.3ರಷ್ಟು ಕಡಿಮೆ. ಮಾಡಿದ ಕೆಲಸಕ್ಕೆ ತಕ್ಕಂತೆ ಕೂಲಿ ಸಿಗುವ ಏರ್ಪಾಡು ಅದು. ನಿದ್ದೆ ಮನಸ್ಸಿಗೆ ಒಳ್ಳೆಯದು ಮಾಡಿತು, ಕೆಲಸದ ಗುಣಕ್ಕೂ ಒಳ್ಳೆಯದು ಮಾಡಿತು, ಜೇಬಿಗೆ ಮಾತ್ರ ಕತ್ತರಿ ಹಾಕಿತು. ವಿರಾಮದಲ್ಲಿ ಮಲಗಬೇಕೇ ಬೇಡವೇ ಎಂಬುದನ್ನು ಕೆಲಸಗಾರರ ಇಚ್ಛೆಗೆ ಬಿಟ್ಟರಾಯಿತು ಎನ್ನುವವರು ಈ ಅಂಕಿಯನ್ನು ಎದುರಿಗಿಟ್ಟುಕೊಂಡು ಯೋಚಿಸಬೇಕು.

ಪ್ರಯೋಗ ನಡೆದದ್ದು ಹಗಲಿನ ಕೆಲಸಗಾರರ ಮೇಲೆ. ರಾತ್ರಿ ಪಾಳಿಯವರ ಸ್ಥಿತಿ ಇದಕ್ಕಿಂತ ಬಿಗಿ. ದೇಹದ ಒಳಗಡಿಯಾರದ ಪ್ರಕಾರ ನಸುಕಿನ ನಾಲ್ಕರಿಂದ ಐದರ ಸುಮಾರಿಗೆ ಮೈಯ ಉಷ್ಣತೆ ತೀರಾ ಕೆಳಗಿಳಿಯುತ್ತದೆ. ತೂಕಡಿಕೆ ತಡೆಯಲಾಗದಂತೆ ಬರುವುದೂ ಆಗಲೇ. ಆಸ್ಟ್ರೇಲಿಯಾದ ಡ್ರೂ ಡಾಸನ್ ಮತ್ತು ಕ್ಯಾಥರೀನ್ ರೀಡ್ 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತೋರಿಸಿದಂತೆ, ಸತತ 17 ಗಂಟೆ ಎಚ್ಚರವಿದ್ದವರ ಕೈಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇ. 0.05 ಮದ್ಯವಿರುವವರ ಮಟ್ಟಕ್ಕೆ ಕುಸಿಯುತ್ತದೆ. ಭಾರತದಲ್ಲಿ ವಾಹನ ಚಾಲಕರಿಗೆ ಕಾನೂನು ಹಾಕಿರುವ ಮಿತಿ ಶೇ. 0.03. ಬೆಳಗ್ಗೆ ಮನೆಗೆಲಸಕ್ಕೆಂದು ಎದ್ದು, ಹಗಲು ಮಲಗಲಾಗದೆ, ರಾತ್ರಿ ಡ್ಯೂಟಿಗೆ ಬಂದ ನರ್ಸ್ ಅಥವಾ ಕ್ಯಾಬ್ ಚಾಲಕ ನಡುರಾತ್ರಿ ದಾಟುವ ಮೊದಲೇ ಈ ಗೆರೆ ದಾಟಿರುತ್ತಾರೆ.

ಹಗಲು ಮಲಗುವುದು ಚೆನ್ನೈನಲ್ಲಿ ಸುಲಭದ ಮಾತೂ ಅಲ್ಲ. ಮೇ ತಿಂಗಳ ಮೊದಲ ವಾರ ಶುರುವಾಗುವ 'ಕತ್ತಿರಿ ವೆಯಿಲ್' ಎಂಬ ಉರಿಬಿಸಿಲಿನ ದಿನಗಳಲ್ಲಿ ತಗಡು ಅಥವಾ ಶೀಟಿನ ಸೂರಿನ ಕೆಳಗೆ ಮಧ್ಯಾಹ್ನ ಕಣ್ಣು ಮುಚ್ಚುವುದೆಂದರೇನು ಎಂಬುದನ್ನು ಬೆಂಗಳೂರಿನ ತಂಪಿಗೆ ಒಗ್ಗಿದ ಓದುಗರು ಊಹಿಸಿಕೊಳ್ಳಬೇಕು. 2003ರ ಮೇ ಕೊನೆಯಲ್ಲಿ ಅಲ್ಲಿ ಉಷ್ಣಾಂಶ 45 ಡಿಗ್ರಿ ಮುಟ್ಟಿತ್ತು. ಕೋಯಂಬೇಡು ಸಗಟು ಮಾರುಕಟ್ಟೆಯಲ್ಲಿ ರಾತ್ರಿಯಿಡೀ ತರಕಾರಿ ಮೂಟೆ ಇಳಿಸುವ ಹಮಾಲಿ, ಹಳೆ ಮಹಾಬಲಿಪುರಂ ರಸ್ತೆಯ ಕಂಪನಿಯ ಗೇಟು ಕಾಯುವ ಸೆಕ್ಯೂರಿಟಿ ಗಾರ್ಡ್, ಇಂಥವರು ಹಗಲು ಕಳೆದುಕೊಂಡ ನಿದ್ದೆಯ ಬಾಕಿ ಹೊತ್ತೇ ಕೆಲಸಕ್ಕೆ ಬರುತ್ತಾರೆ. ಹಾಗಾಗಿ ಪಾಳಿಯ ನಡುವಿನ ಕಿರುನಿದ್ದೆಗೆ ಅವರ ಬದುಕಿನಲ್ಲಿ ಹೆಚ್ಚಿನ ಬೆಲೆಯಿದೆ.

ಎಷ್ಟು ಹೊತ್ತು, ಯಾವಾಗ ಎಂಬುದಕ್ಕೆ ವಿಜ್ಞಾನದ ಉತ್ತರ ಸಾಕಷ್ಟು ಸ್ಪಷ್ಟವಾಗಿದೆ. 1994ರಲ್ಲಿ ಪ್ರಕಟವಾದ ನಾಸಾ ಅಧ್ಯಯನದಲ್ಲಿ, ಪೆಸಿಫಿಕ್ ಸಾಗರ ದಾಟುವ ದೂರದ ವಿಮಾನಗಳ ಪೈಲಟ್‌ಗಳಿಗೆ ಸರದಿಯ ಮೇಲೆ 40 ನಿಮಿಷ ಬಿಡುವು ಕೊಡಲಾಗಿತ್ತು. ಅವರು ಸರಾಸರಿ 26 ನಿಮಿಷ ಮಲಗಿದರು. ಮಲಗದವರಿಗಿಂತ ಪ್ರಯಾಣದ ಕೊನೆಯ ಹಂತದಲ್ಲಿ ಅವರೇ ಹೆಚ್ಚು ಎಚ್ಚರವಾಗಿದ್ದರು. ಜಪಾನಿನ ಹಿರೋಶಿಮಾ ವಿಶ್ವವಿದ್ಯಾಲಯದ ಸನಾಎ ಒರಿಯಾಮಾ 2023ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ನರ್ಸ್‌ಗಳ ದೀರ್ಘ ಪಾಳಿಯನ್ನು ಗಮನದಲ್ಲಿಟ್ಟದ್ದು. ಸಂಜೆ ನಾಲ್ಕರಿಂದ ಮರುದಿನ ಬೆಳಗ್ಗೆ ಒಂಬತ್ತರವರೆಗಿನ ಅಣಕು ಪಾಳಿಯಲ್ಲಿ, ನಡುರಾತ್ರಿಗೆ ಮುಗಿಯುವ 120 ನಿಮಿಷದ ಒಂದೇ ನಿದ್ದೆ ಮಾಡಿದವರಿಗೆ ನಸುಕಿನ ನಾಲ್ಕಕ್ಕೆ ಮತ್ತೆ ತೂಕಡಿಕೆ ಬಂತು. ಅಷ್ಟೇ ನಿದ್ದೆಯನ್ನು 90 ಮತ್ತು 30 ನಿಮಿಷಗಳಾಗಿ ಒಡೆದು, ಎರಡನೆಯದನ್ನು ಮೂರು ಗಂಟೆಗೆ ಮುಗಿಸಿದವರು ಆರರವರೆಗೆ ತಾಳಿಕೊಂಡರು.

ಮಲಗಿ ಎದ್ದ ಕೂಡಲೇ ಕವಿಯುವ ಮಂಪರು ಮಾತ್ರ ನಿಜವಾದ ಅಪಾಯ. ಕ್ಯಾಸಿ ಹಿಲ್ಡಿಚ್ ಮತ್ತು ಸಂಗಡಿಗರ 2016ರ ಅಧ್ಯಯನದಲ್ಲಿ ನಾಲ್ಕು ಗಂಟೆಗೆ ಮುಗಿಯುವಂತೆ 30 ನಿಮಿಷ ಮಲಗಿದವರಲ್ಲಿ ಈ ಮಂಪರು ಕಂಡಿತು, 10 ನಿಮಿಷ ಮಲಗಿದವರಲ್ಲಿ ಕಾಣಲಿಲ್ಲ. ತುರ್ತು ಚಿಕಿತ್ಸಾ ಘಟಕದ ವೈದ್ಯೆಯನ್ನು ಗಾಢನಿದ್ದೆಯಿಂದ ಎಬ್ಬಿಸಿ ಮರುಕ್ಷಣವೇ ಔಷಧದ ಪ್ರಮಾಣ ಲೆಕ್ಕ ಹಾಕಿಸುವುದು ಅಪಾಯವನ್ನು ಕೈಹಿಡಿದು ಕರೆದಂತೆ. ಅಂಥ ಕಡೆ ಹತ್ತು ನಿಮಿಷದ ಜೊಂಪು, ಇಲ್ಲವೇ ಎದ್ದ ಮೇಲೆ ಮುಖ ತೊಳೆದು ಸುಧಾರಿಸಿಕೊಳ್ಳಲು ಪ್ರತ್ಯೇಕ ಸಮಯ ಬೇಕು. ಲೋಕೋ ಪೈಲಟ್‌ಗಳಿಗಂತೂ ಗಾಡಿ ಓಡುತ್ತಿರುವಾಗ ವಿರಾಮವೆಂಬುದೇ ಇಲ್ಲ. 2024ರಲ್ಲಿ ದಕ್ಷಿಣ ರೈಲ್ವೆಯ ಲೋಕೋ ಪೈಲಟ್‌ಗಳು ಸತತ ರಾತ್ರಿ ಡ್ಯೂಟಿ ಎರಡಕ್ಕೆ ನಿಲ್ಲಬೇಕೆಂದು ಹೋರಾಡಿದ್ದು ಈ ಹಿನ್ನೆಲೆಯಲ್ಲಿ ಪೂರ್ಣ ನ್ಯಾಯವಾದ ಬೇಡಿಕೆಯಾಗಿ ಕಾಣುತ್ತದೆ.

ವಿರಾಮದ ನಿಮಿಷಗಳಿಗಾಗಿ ಕೊಸರಾಡಿದ ದೊಡ್ಡ ಇತಿಹಾಸವೇ ಚೆನ್ನೈಗಿದೆ. ಪೆರಂಬೂರಿನ ಬಕಿಂಗ್‌ಹ್ಯಾಮ್ ಅಂಡ್ ಕರ್ನಾಟಿಕ್ ಮಿಲ್ಲಿನ ಕಾರ್ಮಿಕರ ಮೊದಲ ದೂರುಗಳಲ್ಲಿ ಒಂದು, ಮಧ್ಯಾಹ್ನದ ಊಟದ ಬಿಡುವು ತೀರಾ ಚಿಕ್ಕದು ಎಂಬುದು. ಆ ಅಸಮಾಧಾನದಿಂದಲೇ 1918ರ ಏಪ್ರಿಲ್ 27ರಂದು ಬಿ. ಪಿ. ವಾಡಿಯಾ ಅವರ ನೇತೃತ್ವದಲ್ಲಿ, ತಮಿಳು ವಿದ್ವಾಂಸ ತಿರು ವಿ. ಕ. ಅವರಂಥವರ ಬೆಂಬಲದಿಂದ, ಮದ್ರಾಸ್ ಲೇಬರ್ ಯೂನಿಯನ್ ಹುಟ್ಟಿತು. ದೇಶದ ಮೊದಲ ಸಂಘಟಿತ ಕಾರ್ಮಿಕ ಸಂಘಗಳಲ್ಲಿ ಅದು ಒಂದು.

ಸ್ವಾತಂತ್ರ್ಯಾನಂತರ 1948ರ ಕಾರ್ಖಾನೆ ಕಾಯ್ದೆ ಐದು ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆ ಬಿಡುವನ್ನು ಕಡ್ಡಾಯ ಮಾಡಿತು. 150ಕ್ಕಿಂತ ಹೆಚ್ಚು ಜನ ದುಡಿಯುವಲ್ಲಿ ವಿಶ್ರಾಂತಿ ಕೊಠಡಿ ಇರಬೇಕೆಂದಿತು. ಆದರೆ ಆ ಅರ್ಧ ಗಂಟೆ ದುಡಿಮೆಯ ಲೆಕ್ಕಕ್ಕೆ ಸೇರಲಿಲ್ಲ. ಹಗಲಿನ ಬಿಡುವಿಗೂ ನಡುರಾತ್ರಿಯ ಬಿಡುವಿಗೂ ಕಾಯ್ದೆ ಭೇದ ಎಣಿಸಲಿಲ್ಲ. ದೇಹ ಮಾತ್ರ ಆ ಭೇದವನ್ನು ಪ್ರತಿ ರಾತ್ರಿ ಎಣಿಸುತ್ತದೆ. ಇನ್ನೊಂದೆಡೆ, ಡ್ಯೂಟಿಯ ವೇಳೆ ನಿದ್ರಿಸುವುದು ಹಲವು ಸಂಸ್ಥೆಗಳ ಸ್ಥಾಯಿ ಆದೇಶಗಳಲ್ಲಿ ದುರ್ನಡತೆಯ ಪಟ್ಟಿಯಲ್ಲಿದೆ. ಇದರ ಫಲವಾಗಿ ಗಾರ್ಡ್ ಕುರ್ಚಿಯಲ್ಲಿ ಕುಳಿತೇ, ಮೇಲ್ವಿಚಾರಕರ ಹೆಜ್ಜೆ ಸದ್ದಿಗೆ ಕಿವಿಗೊಟ್ಟು, ಕಳ್ಳನಿದ್ದೆ ಮಾಡುತ್ತಾನೆ. ಅಂಥ ನಿದ್ದೆ ಅವನನ್ನೂ ತಣಿಸುವುದಿಲ್ಲ, ಕಾವಲನ್ನೂ ಕಾಯುವುದಿಲ್ಲ.

ಮಲಗುವ ಜಾಗದ ಪ್ರಶ್ನೆ ಇದಕ್ಕಿಂತ ಕಠೋರವಾದದ್ದು. 2000ದಲ್ಲಿ ಮದ್ರಾಸ್ ಹೈಕೋರ್ಟ್, ಕಾರ್ಖಾನೆಗಳಲ್ಲಿ ಮಹಿಳೆಯರ ರಾತ್ರಿ ದುಡಿಮೆಗಿದ್ದ ನಿಷೇಧವನ್ನು ಆರ್. ವಸಂತಾ ಪ್ರಕರಣದಲ್ಲಿ ಅಸಿಂಧುಗೊಳಿಸಿತು. ಜೊತೆಗೆ ಮಹಿಳೆಯರ ಭದ್ರತೆಗೆ ಹಲವು ಷರತ್ತುಗಳನ್ನೂ ವಿಧಿಸಿತು. ರಾತ್ರಿ ದುಡಿಯುವ ಹಕ್ಕು ಸಿಕ್ಕಿದ್ದು ಸರಿಯಾದ ತೀರ್ಪಿನಿಂದಲೇ. ಆದರೆ ರಾತ್ರಿ ಸುರಕ್ಷಿತವಾಗಿ ಮಲಗುವ ಹಕ್ಕು ಅದರ ಹಿಂದೆಯೇ ಬರಲಿಲ್ಲ. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ದೀರ್ಘ ಪಾಳಿಯ ನಡುವೆ ಸೆಮಿನಾರ್ ಹಾಲಿನಲ್ಲಿ ವಿಶ್ರಮಿಸಲು ಹೋದ ತರುಣ ವೈದ್ಯೆ ಅತ್ಯಾಚಾರಕ್ಕೊಳಗಾಗಿ ಕೊಲೆಯಾದರು. ರಾತ್ರಿ ಪಾಳಿಯ ವೈದ್ಯಕೀಯ ಸಿಬ್ಬಂದಿಗೆ ತಕ್ಕ ವಿಶ್ರಾಂತಿ ಸ್ಥಳಗಳಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ ಅದೇ ತಿಂಗಳ ಆದೇಶದಲ್ಲಿ ಗುರುತಿಸಿತು. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆಯಿಲ್ಲದ ಕಡೆ ಹೆಣ್ಣುಮಕ್ಕಳಿಗೆ ಕಿರುನಿದ್ದೆಯ ಲಾಭ ವಿವರಿಸುವುದು ಕ್ರೌರ್ಯವೇ ಸರಿ.

ಇಷ್ಟರ ಮೇಲೆ ಈ ಲೇಖನದ ವಾದ ಹೀಗಿದೆ. ರಾತ್ರಿ ಪಾಳಿಯವರು ವಿರಾಮದಲ್ಲಿ ಮಲಗಬೇಕು. ಆದರೆ ಆ ನಿದ್ದೆಯ ಖರ್ಚು ಅವರ ತಲೆಯ ಮೇಲೆ ಬೀಳಬಾರದು. ಚೆನ್ನೈ ಪ್ರಯೋಗದ ಶೇ. 8.3ರ ನಷ್ಟವನ್ನು ದಿನಗೂಲಿಯವರು ಭರಿಸಲಾರರು. ಸಾಲದ ಕಂತು ಕಟ್ಟಬೇಕಾದ ಡೆಲಿವರಿ ಹುಡುಗನಿಗೆ ಮಲಗುವ ಸ್ವಾತಂತ್ರ್ಯ ಕೊಟ್ಟಿದ್ದೇವೆ ಎಂದು ಆ್ಯಪ್ ಕಂಪನಿ ಹೇಳಿಕೊಂಡರೆ ಅವನು ಮತ್ತೊಂದು ಆರ್ಡರ್ ಹಿಡಿಯುತ್ತಾನೆಯೇ ಹೊರತು ಕಣ್ಣು ಮುಚ್ಚುವುದಿಲ್ಲ. ನಿದ್ದೆಯಿಂದ ಕೆಲಸದ ಗುಣ ಹೆಚ್ಚುವುದಾದರೆ ಅದರ ಫಲ ಮಾಲೀಕರಿಗೂ ರೋಗಿಗೂ ರಸ್ತೆಯಲ್ಲಿ ಹೋಗುವವರಿಗೂ ಸಲ್ಲುತ್ತದೆ. ಬೆಲೆ ತೆರುವುದು ಮಾತ್ರ ಮಲಗಿದವರೊಬ್ಬರೇ ಏಕೆ?

ತಮಿಳುನಾಡಿನಲ್ಲಿ ಇದಕ್ಕೆ ಕಾನೂನಿನ ಹಾದಿ ಈಗಾಗಲೇ ಅರ್ಧ ತೆರೆದಿದೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಅಂಗಡಿಗಳು ದಿನದ 24 ಗಂಟೆಯೂ ತೆರೆದಿರಬಹುದೆಂದು ರಾಜ್ಯ ಸರ್ಕಾರ 2019ರಲ್ಲಿ ಅನುಮತಿ ಕೊಟ್ಟಿತು. 2021ರಲ್ಲಿ, 1947ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಗೆ 22-ಎ ಕಲಂ ಸೇರಿಸಿ, ಸಿಬ್ಬಂದಿಗೆ ಕೂರಲು ಆಸನ ಒದಗಿಸುವುದನ್ನು ಕಡ್ಡಾಯ ಮಾಡಿತು. ಚೆನ್ನೈನ ಟಿ. ನಗರದ ಜವಳಿ ಮಳಿಗೆಗಳಲ್ಲಿ ದಿನವಿಡೀ ನಿಂತೇ ಸೀರೆ ಬಿಚ್ಚಿ ತೋರಿಸುವ ಹೆಣ್ಣುಮಕ್ಕಳ ಕಾಲುನೋವು ಹಾಗೆ ಶಾಸನಸಭೆಯ ಒಳಗೆ ಬಂತು. ಕೂರುವ ಹಕ್ಕಿಗೆ ಜಾಗ ಮಾಡಿಕೊಟ್ಟ ಅದೇ ಕಾಯ್ದೆಗೆ, ನಡುರಾತ್ರಿಯಿಂದ ಐದರ ನಡುವೆ ದುಡಿಯುವವರಿಗೆ ಕೂಲಿ ಸಹಿತವಾದ ಅರ್ಧ ಗಂಟೆ, ಅದರೊಳಗೆ ಎದ್ದು ಸುಧಾರಿಸಿಕೊಳ್ಳುವ ಹತ್ತು ನಿಮಿಷ, ಮಹಿಳೆಯರಿಗೂ ಪುರುಷರಿಗೂ ಬೇರೆ ಬೇರೆ ಚಿಲಕವಿರುವ ಕೋಣೆ, ಸರದಿಯ ಮೇಲೆ ಬದಲಿ ಸಿಬ್ಬಂದಿ, ಆ ಹೊತ್ತಿನ ನಿದ್ದೆ ದುರ್ನಡತೆಯಲ್ಲ ಎಂಬ ಒಂದು ವಾಕ್ಯ, ಇವಿಷ್ಟನ್ನು ಸೇರಿಸಲು ಹೊಸ ಸಂಶೋಧನೆಗಾಗಿ ಕಾಯಬೇಕಿಲ್ಲ. ಆಸ್ಪತ್ರೆಗಳಿಂದ ಶುರುಮಾಡಿದರೆ ಪರಿಣಾಮ ಅಳೆಯುವುದೂ ಸುಲಭ: ಬದಲಿ ನರ್ಸ್‌ಗಳ ಸಂಖ್ಯೆ ಮತ್ತು ಔಷಧ ಕೊಡುವಲ್ಲಿ ಆದ ತಪ್ಪುಗಳ ದಾಖಲೆ, ಇವೆರಡನ್ನು ವಾರ್ಡುವಾರು ಒಟ್ಟಿಗೆ ಇಟ್ಟು ನೋಡಬಹುದು.