ಪುನರುಜ್ಜೀವನ ನಿರ್ಣಯಗಳ ಲಿಖಿತ ದಾಖಲೆ: ಮುಂಬಯಿಯ ಇತಿಹಾಸ

ಹೃದಯಸ್ತಂಭನವಾದಾಗ ಎದೆಯನ್ನೊತ್ತಿ, ಕೃತಕ ಶ್ವಾಸವಿತ್ತು ರೋಗಿಯನ್ನು ಬದುಕಿಸುವ ಯತ್ನವನ್ನು ಮಾಡಬೇಕೋ ಬಾರದೋ ಎಂಬುದನ್ನು ಮುಂಚಿತವಾಗಿಯೇ ನಿಶ್ಚಯಿಸಿ, ರೋಗಿಯ ಕೇಸ್ ಪೇಪರಿನಲ್ಲಿ ಬರೆದಿಡುವ ಪದ್ಧತಿಯಿದು. ಪುನರುಜ್ಜೀವನವೆಂಬ ಈ ಚಿಕಿತ್ಸೆಯನ್ನು 1960ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವೈದ್ಯರು ಪ್ರಚುರಪಡಿಸಿದರು. ಅದನ್ನು ಯಾರಿಗೆ ಮಾಡಬಾರದೆಂಬುದನ್ನು ಬರೆದಿಡಬೇಕೆಂಬ ವಿವೇಕ ಅಲ್ಲಿಯೂ 1970ರ ದಶಕದಲ್ಲಷ್ಟೆ ಮೂಡಿತು.

ಮುಂಬಯಿಯಲ್ಲಿ ಮಿನೂ ಮಸಾನಿಯವರು 1981ರಲ್ಲಿ ಘನತೆಯ ಮರಣದ ಹಕ್ಕಿಗಾಗಿ ಸಂಘವೊಂದನ್ನು ಕಟ್ಟಿದರಾದರೂ, ಈ ಪ್ರಶ್ನೆಯನ್ನು ದೇಶದ ಮನಸ್ಸಿಗೆ ನಾಟಿಸಿದುದು ಪರೇಲಿನ ಕೆಇಎಂ ಆಸ್ಪತ್ರೆಯ ಒಂದು ಹಾಸಿಗೆ. ಉತ್ತರ ಕನ್ನಡದ ಹಳದೀಪುರದಿಂದ ಬಂದು ಅಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗರು, 1973ರ ನವೆಂಬರಿನಲ್ಲಿ ಅದೇ ಆಸ್ಪತ್ರೆಯಲ್ಲಿ ಅಮಾನುಷ ಆಕ್ರಮಣಕ್ಕೆ ತುತ್ತಾಗಿ ಮಾತು ಕಳೆದುಕೊಂಡು, 2015ರ ಮೇ 18ರಂದು ತೀರಿಕೊಳ್ಳುವವರೆಗೂ ಸಹೋದ್ಯೋಗಿ ದಾದಿಯರ ಶುಶ್ರೂಷೆಯಲ್ಲಿಯೇ ಇದ್ದರು. ಅವರ ಪ್ರಕರಣ ಆಹಾರವನ್ನು ನಿಲ್ಲಿಸುವ ಕುರಿತಾದುದೇ ಹೊರತು ಪುನರುಜ್ಜೀವನದ್ದಲ್ಲ; ಆದರೂ ತನ್ನ ಇಚ್ಛೆಯನ್ನು ಬರೆದಿಡದೆ ಮಾತು ಕಳೆದುಕೊಂಡವರ ಪರವಾಗಿ ನುಡಿಯತಕ್ಕವರಾರು ಎಂಬುದು ಎರಡಕ್ಕೂ ಸಮಾನವಾದ ತೊಡಕು. ಅರುಣಾರ ಆಹಾರವನ್ನು ನಿಲ್ಲಿಸಬೇಕೆಂದು ಕೋರಿದ್ದ ಲೇಖಕಿ ಪಿಂಕಿ ವಿರಾನಿಯವರ ಅರ್ಜಿಯನ್ನು 2011ರ ಮಾರ್ಚ್ 7ರಂದು ತಳ್ಳಿಹಾಕಿದ ಸುಪ್ರೀಂ ಕೋರ್ಟು, ಆಕೆಯ ಪರವಾಗಿ ನುಡಿಯುವ ಅಧಿಕಾರ ಆರೈಕೆ ಮಾಡಿದ ಆಸ್ಪತ್ರೆಯ ಸಿಬ್ಬಂದಿಗೇ ಸೇರಿದುದೆಂದಿತು. ಇಂಥ ಪ್ರಕರಣಗಳಲ್ಲಿ ಚಿಕಿತ್ಸೆಯನ್ನು ಹಿಂದೆಗೆಯಲು ಹೈಕೋರ್ಟಿನ ಅನುಮತಿ ಬೇಕೆಂದೂ ವಿಧಿಸಿತು. ಸಾಯುತ್ತಿರುವವನ ಮನೆಯವರು ಹೈಕೋರ್ಟಿಗೆ ಅಲೆಯಬೇಕೆಂಬುದು ಎಷ್ಟು ಕಾರ್ಯಸಾಧ್ಯವಾಗಿತ್ತೆಂಬುದನ್ನು ವಾಚಕರೇ ಊಹಿಸಬಹುದು.

2018ರಲ್ಲಿ ಸುಪ್ರೀಂ ಕೋರ್ಟು, ಎಂಥ ಚಿಕಿತ್ಸೆ ಬೇಡವೆಂಬುದನ್ನು ಮೊದಲೇ ಬರೆದಿಡುವ ಮುಂಗಡ ಇಚ್ಛಾಪತ್ರವನ್ನು ಮಾನ್ಯಮಾಡಿಯೂ ಮ್ಯಾಜಿಸ್ಟ್ರೇಟರ ರುಜುವನ್ನು ಬೇಡಿತು; 2023ರ ಜನವರಿಯಲ್ಲಿ ಆ ತೊಡಕನ್ನು ಸಡಿಲಿಸಿ, ನೋಟರಿಯ ಇಲ್ಲವೆ ಗೆಜೆಟೆಡ್ ಅಧಿಕಾರಿಯ ದೃಢೀಕರಣವೇ ಸಾಕೆಂದಿತು. ಈ ನಡುವೆ 2020ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಪುನರುಜ್ಜೀವನಕ್ಕಷ್ಟೇ ಸಂಬಂಧಿಸಿದ ಮಾರ್ಗಸೂಚಿಯನ್ನು ಹೊರಡಿಸಿ, ರೋಗಿಯೊಡನೆ ಅಥವಾ ಅವನ ಪ್ರತಿನಿಧಿಯೊಡನೆ ಸಮಾಲೋಚಿಸಿ ನಿರ್ಣಯವನ್ನು ಬರೆದಿಡಬೇಕೆಂದೂ, ಹಾಗೆ ಬರೆದಮಾತ್ರಕ್ಕೆ ಉಳಿದ ಚಿಕಿತ್ಸೆ, ಶುಶ್ರೂಷೆಗಳು ನಿಲ್ಲತಕ್ಕದ್ದಲ್ಲವೆಂದೂ ಸ್ಪಷ್ಟಪಡಿಸಿತು. ವೈದ್ಯರೂ ಬಂಧುಗಳೂ ವಾರ್ಡಿನ ಹೊರಗೆ ಮೆಲ್ಲನೆ ಆಡಿಕೊಂಡು ಮುಗಿಸುತ್ತಿದ್ದ ಮಾತಿಗೆ ಹೀಗೆ ಒಂದು ನಮೂನೆ ಒದಗಿತು.

ಇಚ್ಛಾಪತ್ರದ ಪ್ರತಿಯನ್ನು ಕಾಪಿಡಲು ಸ್ಥಳೀಯ ಸಂಸ್ಥೆ ಅಧಿಕಾರಿಯನ್ನು ನೇಮಿಸಬೇಕೆಂಬ ಸುಪ್ರೀಂ ಕೋರ್ಟಿನ ಆಜ್ಞೆ ಕಾಗದದಲ್ಲಿಯೇ ಉಳಿದಾಗ, ಮುಂಬಯಿಯ ವೈದ್ಯ ನಿಖಿಲ್ ದಾತಾರರು ಬಾಂಬೆ ಹೈಕೋರ್ಟಿನ ಮೊರೆಹೊಕ್ಕರು. ಬೃಹನ್ಮುಂಬಯಿ ಪಾಲಿಕೆ ತನ್ನ ವೈದ್ಯಾಧಿಕಾರಿಗಳಿಗೆ ಆ ಹೊಣೆಯನ್ನು ವಹಿಸಿತು. ಮಾಹಿಮಿನ ಹಿಂದುಜಾ ಆಸ್ಪತ್ರೆಯಲ್ಲಿ ಇಚ್ಛಾಪತ್ರ ಬರೆಯುವವರ ನೆರವಿಗೆಂದೇ ಒಂದು ಕ್ಲಿನಿಕ್ ತೆರೆಯಿತು. ಆದರೆ ಪಾಲಿಕೆಯ ಕಚೇರಿಯಲ್ಲಿರುವ ಪತ್ರದ ಸುಳಿವು ರಾತ್ರಿಪಾಳಿಯ ವೈದ್ಯನ ಕೈಯಲ್ಲಿರುವ ಕೇಸ್ ಪೇಪರಿನಲ್ಲಿ ಇಲ್ಲದಿದ್ದರೆ, ಆತನು ಎದೆಯನ್ನೊತ್ತಲು ತೊಡಗುವುದೇ ಇಂದಿಗೂ ಕ್ರಮ.