ಚುಕ್ಕೆಗಳ ಮೇಲೆ ಆಡಿದ ಕುಂಚ

ತೆರೆಯ ಮೇಲೆ ನೂರಾರು ಚುಕ್ಕೆಗಳು. ಮೌಸ್ ಒತ್ತಿ ಹಿಡಿದು ಒಂದು ಗುಂಪಿನ ಸುತ್ತ ಆಯತ ಎಳೆಯುತ್ತೇವೆ. ಅಷ್ಟು ಚುಕ್ಕೆಗಳು ಬಣ್ಣ ಬದಲಿಸುತ್ತವೆ; ಪಕ್ಕದ ಚಿತ್ರಗಳಲ್ಲೂ ಅವೇ ಹೊಳೆಯುತ್ತವೆ. ಪುಣೆ, ಹೈದರಾಬಾದಿನ ಆಫೀಸುಗಳಲ್ಲಿ ಕೂತ ನಮ್ಮಲ್ಲಿ ಎಷ್ಟೋ ಮಂದಿಗೆ ಇದು ದಿನದ ಕೆಲಸ. ಇದರ ಹಿಂದೆ ಅರ್ಧ ಶತಮಾನದ ಕಥೆಯಿದೆ.

1970ರ ದಶಕದ ಆರಂಭ. ಸ್ಟ್ಯಾನ್‌ಫರ್ಡ್‌ನ ಕಣವೇಗವರ್ಧಕ ಕೇಂದ್ರದಲ್ಲಿ ಒಂದೊಂದು ಘಟನೆಗೂ ಹಲವು ಅಳತೆಗಳು ಬಂದು ಬೀಳುತ್ತಿದ್ದವು. ಕಾಗದದ ಮೇಲೆ ಒಮ್ಮೆಗೆ ಎರಡನ್ನು ಮಾತ್ರ ಬಿಡಿಸಬಹುದು. ಜಾನ್ ಟ್ಯೂಕಿ, ಜೆರೋಮ್ ಫ್ರೀಡ್‌ಮನ್ ಮತ್ತು ಮೇರಿ ಆನ್ ಫಿಶರ್‌ಕೆಲ್ಲರ್ ಸೇರಿ ಪ್ರಿಮ್-9 ಎಂಬ ವ್ಯವಸ್ಥೆ ಕಟ್ಟಿದರು. ಒಂಬತ್ತು ಆಯಾಮಗಳವರೆಗಿನ ದತ್ತಾಂಶವನ್ನು ತೆರೆಯ ಮೇಲೆ ತಿರುಗಿಸಬಹುದಿತ್ತು, ಬೇಕಾದ ಭಾಗವನ್ನು ಬೇರ್ಪಡಿಸಿ ನೋಡಬಹುದಿತ್ತು. ಇದಕ್ಕೆ ಐಬಿಎಂ 360/91 ಎಂಬ ದೈತ್ಯ ಯಂತ್ರವೇ ಬೇಕಾಯಿತು.

1987ರಲ್ಲಿ ಬೆಲ್ ಲ್ಯಾಬ್ಸ್‌ನ ರಿಚರ್ಡ್ ಬೆಕರ್ ಮತ್ತು ವಿಲಿಯಂ ಕ್ಲೀವ್‌ಲ್ಯಾಂಡ್ 'ಟೆಕ್ನೋಮೆಟ್ರಿಕ್ಸ್' ಪತ್ರಿಕೆಯಲ್ಲಿ ಇದಕ್ಕೆ ಸ್ಪಷ್ಟ ರೂಪ ಕೊಟ್ಟು 'ಬ್ರಷಿಂಗ್' ಎಂದು ಕರೆದರು. ಆ ಆಯತವೇ ಕುಂಚ. ಅದು ಚುಕ್ಕೆಗಳನ್ನು ಬೆಳಗಿಸಬಹುದು, ಉಳಿದವನ್ನು ಮರೆಮಾಡಬಹುದು, ಹೆಸರು ತೋರಿಸಬಹುದು, ಅಳಿಸಲೂಬಹುದು. ಈ ಬೆಕರ್, ಇಂದಿನ 'ಆರ್' ಭಾಷೆಗೆ ಮೂಲವಾದ 'ಎಸ್' ಭಾಷೆಯನ್ನು ಕಟ್ಟಿದವರಲ್ಲಿ ಒಬ್ಬರು.

ಇದರಿಂದ ಏನು ಲಾಭ? ಎಡ್ಗರ್ ಆಂಡರ್ಸನ್ ಅಳೆದ ಐರಿಸ್ ಹೂಗಳನ್ನೇ ನೋಡಿ. ಮೂರು ಜಾತಿ, ಒಟ್ಟು 150 ಹೂ, ಪ್ರತಿಯೊಂದಕ್ಕೂ ನಾಲ್ಕು ಅಳತೆ. ಪುಷ್ಪಪತ್ರದ ಉದ್ದ ಮತ್ತು ಅಗಲವನ್ನು ಎಲ್ಲ ಹೂಗಳಿಗೂ ಒಟ್ಟಿಗೆ ಗುರುತಿಸಿದರೆ ಸಂಬಂಧವೇ ಇಲ್ಲವೆನಿಸುತ್ತದೆ. ಲೆಕ್ಕ ಹಾಕಿದರೆ ತುಸು ಋಣಾತ್ಮಕ. ಈಗ ದಳಗಳ ಚಿತ್ರಕ್ಕೆ ಹೋಗಿ, ಮೂಲೆಯಲ್ಲಿರುವ ಪುಟ್ಟ ದಳದ ಗುಂಪಿನ ಮೇಲೆ ಕುಂಚ ಆಡಿಸಿ. 2 ಸೆಂಟಿಮೀಟರಿಗಿಂತ ಚಿಕ್ಕ ದಳದ 50 ಸೆಟೋಸಾ ಹೂಗಳು ಬೆಳಗುತ್ತವೆ. ಅದೇ ಕ್ಷಣ ಪುಷ್ಪಪತ್ರದ ಚಿತ್ರದಲ್ಲಿ ಅವೇ 50 ಚುಕ್ಕೆಗಳು ಮೇಲಕ್ಕೇರುವ ಸಾಲಾಗಿ ಎದ್ದು ಕಾಣುತ್ತವೆ: ಉದ್ದ ಹೆಚ್ಚಿದಂತೆ ಅಗಲವೂ ಹೆಚ್ಚು. ಉಳಿದೆರಡು ಜಾತಿಗಳನ್ನು ಬೇರೆ ಬೇರೆಯಾಗಿ ನೋಡಿದರೂ ಹಾಗೆಯೇ. ಒಟ್ಟು ಗುಂಪು ಹೇಳಿದ್ದು ಯಾವ ಜಾತಿಯ ಪಾಲಿಗೂ ನಿಜವಾಗಿರಲಿಲ್ಲ. ಸರಾಸರಿ ನೋಡಿ ತೀರ್ಮಾನಕ್ಕೆ ಬರುವ ನಮಗೆ ಇದು ಒಳ್ಳೆಯ ಪಾಠ.

ಆದರೆ ಕಥೆಯ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಈ ಹೂಗಳ ಅಂಕಿಗಳನ್ನು ಪ್ರಸಿದ್ಧಗೊಳಿಸಿದ್ದು ರೊನಾಲ್ಡ್ ಫಿಶರ್ 1936ರಲ್ಲಿ ಬರೆದ ಲೇಖನ. ಅದು ಅಚ್ಚಾದದ್ದು 'ಆನಲ್ಸ್ ಆಫ್ ಯುಜೆನಿಕ್ಸ್' ಎಂಬ ಪತ್ರಿಕೆಯಲ್ಲಿ. ಮನುಷ್ಯರನ್ನೂ ಅಳೆದು, ಗುಂಪು ಮಾಡಿ, ಮೇಲು ಕೀಳೆಂದು ವಿಂಗಡಿಸಬಹುದೆಂದು ನಂಬಿದ್ದವರ ಕಾಲ ಅದು. ಹೂವಿನ ಸುತ್ತ ಗೆರೆ ಎಳೆಯುವುದಕ್ಕೂ ಜನರ ಸುತ್ತ ಗೆರೆ ಎಳೆಯುವುದಕ್ಕೂ ಅಂಕಗಣಿತ ಒಂದೇ; ಪರಿಣಾಮ ಒಂದೇ ಅಲ್ಲ.

ಇಂದು ನಮ್ಮ ತೆರೆಯ ಚುಕ್ಕೆಗಳು ಬಹುಪಾಲು ಮನುಷ್ಯರೇ: ಸಾಲಗಾರರು, ರೋಗಿಗಳು, ನೌಕರರು. ಕುಂಚ ಯಾರು ಒಂದು ಗುಂಪೆಂದು ತೋರಿಸುತ್ತದೆ, ಏಕೆ ಎಂದು ಹೇಳುವುದಿಲ್ಲ. ತೊಡಕೆನಿಸಿದ ನಾಲ್ಕು ಚುಕ್ಕೆಗಳನ್ನು ಅಳಿಸಲೂ ಅದು ತಕರಾರು ಮಾಡದು. ಅಳಿಸುವ ಮುನ್ನ ಆ ನಾಲ್ಕರ ಹೆಸರನ್ನೊಮ್ಮೆ ತೆರೆದು ನೋಡೋಣ. ಅದಕ್ಕೂ ಅದೇ ಕುಂಚ ಸಾಕು.