ಕೆಲಸದ ಮನೆಯಲ್ಲಿ ಮಹಾನವಮಿ

ಹಬ್ಬವೆಂಬ ಮಾತು ಸಂಸ್ಕೃತದ ಪರ್ವಶಬ್ದದ ತದ್ಭವವೆಂಬುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಪರ್ವವೆಂದರೆ ಗಿಣ್ಣು. ಕಬ್ಬಿಗೂ ಬಿದಿರಿಗೂ ನಡುನಡುವೆ ಗಿಣ್ಣುಗಳಿರುವಂತೆ ಕಾಲಕ್ಕೂ ಗಿಣ್ಣುಗಳುಂಟೆಂದು ಭಾವಿಸಿ ನಮ್ಮ ಪೂರ್ವಿಕರು ಅಮಾವಾಸ್ಯೆ ಪೂರ್ಣಿಮೆ ಮೊದಲಾದ ದಿನಗಳಿಗೆ ಆ ಹೆಸರನ್ನಿಟ್ಟರು. ರಜೆಯೆಂಬ ಮಾತಿನ ಕುಲವೇ ಬೇರೆ. ಅದು ಅರಬ್ಬೀ ಭಾಷೆಯಿಂದ ಬಂದುದು; ಒಪ್ಪಿಗೆ, ಅನುಮತಿ ಎಂದು ಅದರ ಮೂಲಾರ್ಥ. ಹಬ್ಬವು ಪಂಚಾಂಗದಿಂದ ತಾನಾಗಿ ಬರುತ್ತದೆ. ರಜೆಯನ್ನಾದರೋ ಒಬ್ಬರು ಕೊಡಬೇಕು, ಮತ್ತೊಬ್ಬರು ಪಡೆಯಬೇಕು. ಇವೆರಡೂ ಒಂದೇ ದಿನ ಕೂಡಿಬಂದರೆ ದುಡಿಯುವವನ ಮನೆಯಲ್ಲಿ ಹೂರಣದ ಕಂಪೇಳುವುದು. ಕೂಡಿಬಾರದಿದ್ದರೆ ಹಬ್ಬವು ಪಂಚಾಂಗದ ಪುಟದಲ್ಲಿಯೇ ಉಳಿದುಹೋಗುವುದು. ಒಂದೇ ಸೂರಿನ ಕೆಳಗೆ ದುಡಿಯುವ ಜನರು ತಮ್ಮ ಹಬ್ಬಗಳನ್ನು ಹೇಗೆ ಉಳಿಸಿಕೊಂಡು ಬಂದರು, ಹೇಗೆ ಒಬ್ಬರೊಡನೊಬ್ಬರು ಹಂಚಿಕೊಂಡರು ಎಂಬ ಕಥೆಯು ಈ ಎರಡು ಮಾತುಗಳ ನಡುವಣ ಕಥೆಯೇ ಆಗಿದೆ.

ವಿದ್ಯಾರ್ಥಿಗಳ ಮಟ್ಟಿಗೆ ಈ ವಿಚಾರವು ಬಹು ಹಿಂದೆಯೇ ತೀರ್ಮಾನವಾಗಿತ್ತು. ಅನಧ್ಯಾಯಗಳನ್ನು ಕುರಿತು ಮನುಸ್ಮೃತಿಯ ನಾಲ್ಕನೆಯ ಅಧ್ಯಾಯವು ಹೇಳುವ ನಿಯಮಗಳು ಕೆಲವಲ್ಲ. ಅಷ್ಟಮಿ, ಚತುರ್ದಶಿ, ಪರ್ವದಿನಗಳಲ್ಲಿ ವೇದಪಾಠವಿಲ್ಲ. ಬಿರುಗಾಳಿ ಧೂಳೆಬ್ಬಿಸಿದರೆ ಇಲ್ಲ. ಗುಡುಗು ಮಿಂಚುಗಳೊಡನೆ ಮಳೆ ಸುರಿದರೆ ಇಲ್ಲ. ಶಿಷ್ಟರಾದವರು ಮನೆಗೆ ಬಂದರೂ ಪಾಠವನ್ನು ನಿಲ್ಲಿಸಬೇಕೆಂದು ಯಾಜ್ಞವಲ್ಕ್ಯಸ್ಮೃತಿಯು ಹೇಳುವುದು. ಆಗಾಗ ಶಿಷ್ಟರು ಬರುತ್ತಿರಲೆಂದು ಪಾಠಶಾಲೆಯ ಬಾಲಕರು ಹಾರೈಸಿದ್ದರೆ ಆಶ್ಚರ್ಯವೇನು? ಪಾಡ್ಯದ ದಿನ ಓದಿದವನ ವಿದ್ಯೆಯು ಸೊರಗುವುದೆಂಬ ನಂಬಿಕೆಯಂತೂ ರಾಮಾಯಣದಲ್ಲಿಯೇ ಉಪಮಾನವಾಗಿ ಬಂದಿದೆ. ಲಂಕೆಯಲ್ಲಿ ಕೃಶಳಾಗಿದ್ದ ಸೀತೆಯನ್ನು ಹನುಮಂತನು ಆ ವಿದ್ಯೆಗೆ ಹೋಲಿಸುತ್ತಾನೆ.

ಇಲ್ಲಿ ಗಮನಿಸತಕ್ಕ ಒಂದು ಅಂಶವುಂಟು. ಈ ವಿರಾಮವು ವಿದ್ಯಾರ್ಥಿಗೆ ದಯೆಯಿಂದ ಕೊಟ್ಟುದಲ್ಲ. ವಿದ್ಯೆಯ ಗೌರವಕ್ಕಾಗಿ ಏರ್ಪಟ್ಟುದು. ನವರಾತ್ರಿಯಲ್ಲಿ ಮೂಲಾನಕ್ಷತ್ರದಂದು ಪುಸ್ತಕಗಳನ್ನು ಮಣೆಯ ಮೇಲಿಟ್ಟು ಶಾರದೆಯನ್ನು ಆವಾಹನ ಮಾಡಿದ ಮೇಲೆ ಶ್ರವಣದಲ್ಲಿ ವಿಸರ್ಜನೆಯಾಗುವವರೆಗೆ ಅವುಗಳನ್ನು ತೆರೆಯಕೂಡದು. ಅಂದರೆ ರಜೆಯು ಪುಸ್ತಕಕ್ಕೆ; ಓದುವವನು ಅದರ ನೆರಳಿನಲ್ಲಿ ವಿರಮಿಸುವನು. ಒಕ್ಕಲಿನವರ ಮನೆಯಲ್ಲಿಯೂ ಇದೇ ಕ್ರಮ. ಸೋಮವಾರ ಬಸವನ ವಾರವೆಂದು ಎತ್ತಿನ ಹೆಗಲಿಗೆ ನೊಗವಿಡದ ಹಳ್ಳಿಗಳು ಕರ್ಣಾಟಕದಲ್ಲಿ ಹಲವು. ಕಾರಹುಣ್ಣಿಮೆಯಲ್ಲಿ ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಊರಿನ ಬೀದಿಯಲ್ಲಿ ಮೆರೆಸುವರು. ಎತ್ತು ನಿಂತರೆ ಉಳುವವನೂ ನಿಂತಂತೆ. ನಮ್ಮ ನಾಡಿನಲ್ಲಿ ದುಡಿಯುವ ಮನುಷ್ಯನಿಗಿಂತ ಮೊದಲು ಅವನ ಪುಸ್ತಕಕ್ಕೂ ಎತ್ತಿಗೂ ಮುಟ್ಟಿಗೂ ವಿರಾಮವು ದೊರೆಯಿತೆಂದು ಹೇಳಿದರೆ ಅತಿಶಯೋಕ್ತಿಯಾಗದು. ಮುಟ್ಟು ಎಂದರೆ ಕಸುಬಿನ ಸಲಕರಣೆ. ಹತಾರವೆಂಬ ಮಾತು ಅದನ್ನು ಬಹುಮಟ್ಟಿಗೆ ಮರೆಯಿಸಿದೆ.

ಕೂಲಿಗಾಗಿ ದುಡಿಯುವವನ ವಿಷಯದಲ್ಲಿ ಶಾಸ್ತ್ರಕಾರರು ಅಷ್ಟು ಉದಾರಿಗಳಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಯ ಪ್ರತಿಯು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದು, ಆರ್. ಶಾಮಶಾಸ್ತ್ರಿಗಳ ಪರಿಶ್ರಮದಿಂದ 1909ರಲ್ಲಿ ಅಚ್ಚಾಯಿತು. ಅದರಲ್ಲಿ ನೂಲು ನೇಯ್ಗೆಗಳ ಮೇಲ್ವಿಚಾರಕನಾದ ಸೂತ್ರಾಧ್ಯಕ್ಷನ ಪ್ರಕರಣವೊಂದುಂಟು. ಹಬ್ಬದ ತಿಥಿಗಳಲ್ಲಿ ಕೆಲಸ ಮಾಡಿಸಬೇಕಾದರೆ ದಾನಮಾನಗಳಿಂದ ಮಾಡಿಸಬೇಕೆಂದು ಅಲ್ಲಿ ವಿಧಿಸಿದೆ. ಕೆಲಸವನ್ನು ನಿಲ್ಲಿಸೆಂದು ಕೌಟಿಲ್ಯನು ಹೇಳಲಿಲ್ಲ. ಆದರೆ ಆ ದಿನವು ಇತರ ದಿನಗಳಂತಲ್ಲವೆಂದೂ ಅದಕ್ಕೆ ಹೆಚ್ಚಿನ ಬೆಲೆಯುಂಟೆಂದೂ ಒಪ್ಪಿಕೊಂಡನು. ಶುಕ್ರನೀತಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಗತ್ಯವಾದ ಕಾರ್ಯವಿಲ್ಲದೆ ಉತ್ಸವದ ದಿನಗಳಲ್ಲಿ ಭೃತ್ಯರಿಂದ ಕೆಲಸ ತೆಗೆದುಕೊಳ್ಳಬಾರದೆಂದೂ, ವರ್ಷಕ್ಕೆ ಹದಿನೈದು ದಿನ ಬಿಡುವು ಕೊಡಬೇಕೆಂದೂ ಹೇಳುತ್ತದೆ. ಆದರೆ ಆ ಗ್ರಂಥದ ಈಗಿನ ರೂಪವು ತೀರ ಅರ್ವಾಚೀನವೆಂದು ವಾದಿಸುವ ವಿದ್ವಾಂಸರಿರುವುದರಿಂದ ಅದರ ಮೇಲೆ ಹೆಚ್ಚು ಭಾರ ಹೇರುವುದು ಯುಕ್ತವಲ್ಲ.

ಅದಿರಲಿ. ಕನ್ನಡನಾಡಿನ ಕೆಲಸಗಾರರ ಹಬ್ಬಗಳಲ್ಲಿ ಆಯುಧಪೂಜೆಯೇ ಮೊದಲನೆಯದು. ಅದರ ಹಿಂದಿನ ಚರಿತ್ರೆಯಾದರೋ ಅರಸರದು. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಮಹಾನವಮಿಗೆ ದೂರದೂರದ ನಾಯಕರು ಆನೆಗಳೊಡನೆ ನೆರೆದುದನ್ನು ವರ್ಣಿಸಿದ್ದಾನೆ. ಸುಮಾರು 1520ರಲ್ಲಿ ಕೃಷ್ಣದೇವರಾಯನ ಕಾಲದ ಉತ್ಸವವನ್ನು ಕಂಡ ಪೋರ್ಚುಗೀಸ ಪಯಣಿಗ ಪಾಯೆಸನು ಶೃಂಗರಿಸಿದ ಪಟ್ಟದ ಕುದುರೆಗಳನ್ನೂ, ಜಟ್ಟಿಗಳ ಕಾಳಗವನ್ನೂ, ಬಾಣಬಿರುಸುಗಳನ್ನೂ, ಕೊನೆಗೆ ನಡೆದ ದಂಡಿನ ಪರೀಕ್ಷೆಯನ್ನೂ ಬಣ್ಣಿಸುವನು. ಅನಂತರ ಬಂದ ನೂನಿಜನ ಬರಹದಿಂದ ನಾಯಕರು ಅರಸನಿಗೆ ಸಲ್ಲಿಸಬೇಕಾದ ಹಣವನ್ನು ಈ ಕಾಲದಲ್ಲಿಯೇ ಒಪ್ಪಿಸುತ್ತಿದ್ದರೆಂದು ತಿಳಿಯುತ್ತದೆ. 1610ರಲ್ಲಿ ಶ್ರೀರಂಗಪಟ್ಟಣವನ್ನು ಕೈವಶಮಾಡಿಕೊಂಡ ರಾಜ ಒಡೆಯರು ಅಲ್ಲಿ ನವರಾತ್ರಿಯ ಉತ್ಸವವನ್ನು ಮುಂದುವರಿಸಿದರು. ಅದೇ ಬಳಿಕ ಮೈಸೂರಿನ ದಸರೆಯಾಯಿತು. ಖಡ್ಗ, ಆನೆ, ಕುದುರೆಗಳಿಗೆ ನವಮಿಯಂದು ಪೂಜೆ. ಮರುದಿನ ಬನ್ನಿಮಂಟಪಕ್ಕೆ ಮೆರವಣಿಗೆ. ಪಾಂಡವರು ಅಜ್ಞಾತವಾಸದಲ್ಲಿ ತಮ್ಮ ಆಯುಧಗಳನ್ನು ಶಮೀವೃಕ್ಷದಲ್ಲಿ ಅಡಗಿಸಿಟ್ಟ ವಿರಾಟಪರ್ವದ ಕಥೆಯು ಬನ್ನಿಮರಕ್ಕೆ ಪೂಜ್ಯತೆಯನ್ನು ತಂದಿತು. ಅಲ್ಲಿಯೂ, ನೋಡಿರಿ, ಆಯುಧಗಳು ಒಂದು ವರ್ಷ ವಿಶ್ರಮಿಸಿಕೊಂಡವು!

ಅರಮನೆಯ ಪೂಜೆಯನ್ನು ನೋಡಿ ಕಮ್ಮಾರ ಬಡಗಿಗಳು ಕಲಿತರೋ, ಕಮ್ಮಾರ ಬಡಗಿಗಳ ಪದ್ಧತಿಯನ್ನೇ ಅರಮನೆಯವರು ವೈಭವದಿಂದ ನಡೆಸಿದರೋ ಎಂಬ ಪ್ರಶ್ನೆಯನ್ನು ಬಿಡಿಸುವುದು ಸುಲಭವಲ್ಲ. ಅರಸರ ಉತ್ಸವವನ್ನು ಬರೆದಿಡಲು ಪರದೇಶದ ಪಯಣಿಗರಿದ್ದರು. ಕುಲುಮೆಯ ಮುಂದೆ ಸುತ್ತಿಗೆಗೆ ಕುಂಕುಮವಿಟ್ಟವನನ್ನು ಕುರಿತು ಬರೆಯಲು ಯಾರೂ ಇರಲಿಲ್ಲ. ಬರಹವಿಲ್ಲದ ಮಾತ್ರಕ್ಕೆ ಆಚಾರವಿರಲಿಲ್ಲವೆಂದು ಹೇಳುವುದು ಚರಿತ್ರಕಾರರ ಉತಾವಳಿ.

ಗಿರಣಿಗಳ ಕಾಲ ಬಂದಾಗ ಈ ವ್ಯವಸ್ಥೆಗೆ ದೊಡ್ಡ ಪೆಟ್ಟು ಬಿತ್ತು. ಎತ್ತಿಗೆ ದಣಿವುಂಟು, ಉಳಿಗೆ ಮೊಂಡಾಗುವಿಕೆಯುಂಟು. ಉಗಿಯಂತ್ರಕ್ಕೆ ಎರಡೂ ಇಲ್ಲವೆಂದು ಯಜಮಾನರು ಭಾವಿಸಿದರು. ಮುಟ್ಟು ನಿಲ್ಲದಿದ್ದಾಗ ಅದರ ನೆರಳಿನಲ್ಲಿ ವಿರಮಿಸುತ್ತಿದ್ದ ಮನುಷ್ಯನಿಗೆ ನೆರಳೇ ಇಲ್ಲದಂತಾಯಿತು. ಮುಂಬಯಿಯಲ್ಲಿ 1884ರಲ್ಲಿ ಗಿರಣಿಯ ಕೆಲಸಗಾರರ ಸಂಘವನ್ನು ಕಟ್ಟಿದ ನಾರಾಯಣ ಮೇಘಾಜಿ ಲೋಖಂಡೆಯವರು, ಜೋತಿರಾವ್ ಫುಲೆಯವರ ಅನುಯಾಯಿಗಳು, ವಾರಕ್ಕೊಂದು ದಿನದ ರಜೆಗಾಗಿ ವರ್ಷಗಟ್ಟಲೆ ಹೋರಾಡಿದರು. 1890ರಲ್ಲಿ ಗಿರಣಿಯ ಒಡೆಯರು ಭಾನುವಾರದ ರಜೆಗೆ ಒಪ್ಪಿದರು. ಮರುವರ್ಷದ ಕಾರ್ಖಾನೆಗಳ ಕಾಯಿದೆಯು ವಾರದ ರಜೆಯನ್ನು ವಿಧಿಸಿತು. ಭಾನುವಾರವೆಂದರೆ ಇಂಗ್ಲಿಷರ ಪ್ರಾರ್ಥನಾದಿನವೆಂದೇ ಹಲವರ ತಿಳಿವಳಿಕೆ. ಆದರೆ ಮಹಾರಾಷ್ಟ್ರದ ಆ ಕೆಲಸಗಾರರಿಗೆ ಅದು ಖಂಡೋಬನ ವಾರವೂ ಆಗಿತ್ತು. ಆ ಖಂಡೋಬನೇ ನಮ್ಮ ಮೈಲಾರಲಿಂಗ. ಹೀಗೆ ರಜೆಯೂ ಹಬ್ಬವೂ ಮತ್ತೆ ಒಂದೆಡೆ ಕೂಡಿದುವು. ಆದರೆ ಈ ಸಲ ಬೇಡಿ, ಕಾದಾಡಿ ಪಡೆಯಬೇಕಾಯಿತು.

ಮೈಸೂರು ಸೀಮೆಯಲ್ಲಿ ಯಂತ್ರಗಳು ಬಂದ ಮೇಲೆ ಕೆಲಸಗಾರರು ಮಾಡಿದ ಜಾಣತನವು ಬೇರೊಂದು ಬಗೆಯದು. ಅವರು ಯಂತ್ರವನ್ನೇ ಆಯುಧಗಳ ಪಂಕ್ತಿಗೆ ಸೇರಿಸಿಬಿಟ್ಟರು. ನೇಯ್ಗೆಯ ಮಗ್ಗ, ಲೇತು, ಮೋಟಾರು, ಅಚ್ಚಿನ ಯಂತ್ರ, ಹೊಲಿಗೆಯ ಯಂತ್ರ, ತಕ್ಕಡಿ, ಬೆರಳಚ್ಚಿನ ಯಂತ್ರ, ಈಚೆಗೆ ಗಣಕಯಂತ್ರ, ಎಲ್ಲವೂ ಆಯುಧಗಳೇ. ಆಯುಧವೆಂದ ಮೇಲೆ ಪೂಜೆಯಾಗಬೇಕು. ಪೂಜೆಯಾಗಬೇಕಾದರೆ ಅದು ನಿಲ್ಲಬೇಕು. ವರ್ಷವೆಲ್ಲ ಎಣ್ಣೆ ಮಸಿಗಳಲ್ಲಿ ಮುಳುಗಿದ್ದ ನೆಲವನ್ನು ತೊಳೆಯುವರು. ಬಾಗಿಲಿಗೆ ಬಾಳೆಕಂದು, ಮಾವಿನ ತೋರಣ. ಯಂತ್ರದ ಮೈಯೊರಸಿ ಗಂಧ ಕುಂಕುಮ, ಚೆಂಡುಹೂವಿನ ಮಾಲೆ. ಕುಂಕುಮ ತುಂಬಿದ ಬೂದುಗುಂಬಳ, ಗಾಲಿಯಡಿಗೆ ನಿಂಬೆಹಣ್ಣು. ಕೊನೆಗೆ ಎಲ್ಲರಿಗೂ ಕಡಲೆಪುರಿ, ಸಿಹಿ. ಬೇರೆ ದಿನ ಒಳಗೆ ಕಾಲಿಡಲಾಗದ ಹೆಂಡಿರು ಮಕ್ಕಳು ಆ ದಿನ ಬಂದು, ಮನೆಯ ಯಜಮಾನನು ಯಾವ ಯಂತ್ರದ ಮುಂದೆ ನಿಲ್ಲುವನೆಂದು ನೋಡಿಕೊಂಡು ಹೋಗುವರು. ಮೇಸ್ತ್ರಿಯೂ ಕೈಯಾಳೂ ಒಂದೇ ಸಾಲಿನಲ್ಲಿ ಕುಳಿತು ಪುರಿ ತಿನ್ನುವರು. ಮುಸಲ್ಮಾನ ಮೆಕ್ಯಾನಿಕ್ಕನು ತನ್ನ ಷೆಡ್ಡಿನಲ್ಲಿ ತಾನೇ ನಿಂತು ಹಾರ ಹಾಕಿಸುವುದು ಬೆಂಗಳೂರಿನಲ್ಲಿ ಅಪೂರ್ವವಾದ ನೋಟವಲ್ಲ.

ಪುರಿಯ ಪೊಟ್ಟಣ ಕೈಗೆ ಬಂದ ಮೇಲೆ ಮಾತು ಊರ ಕಡೆ ತಿರುಗುವುದು ಸಹಜ. ಧಾರವಾಡದ ಕಡೆಯವನು ತಮ್ಮಲ್ಲಿ ಇದಕ್ಕೆ ಖಂಡೇನವಮಿಯೆನ್ನುವರೆಂದೂ, ಮರುದಿನ ಸಂಜೆ ಹಿರಿಯರ ಕೈಗೆ ಬನ್ನಿಯೆಲೆಯಿತ್ತು ಕಾಲಿಗೆರಗದೆ ಹಬ್ಬ ಮುಗಿಯದೆಂದೂ ಹೇಳುವನು. ಬನ್ನಿ ಅಲ್ಲಿ ಬಂಗಾರ. ವರ್ಷವೆಲ್ಲ ಮುನಿಸಿಕೊಂಡವರೂ ಆ ಸಂಜೆ ಬಂಗಾರ ಕೊಟ್ಟು ಮಾತಾಡುವರು. ಕೊಡಗಿನವನಿಗೆ ಅಷ್ಟು ದಿನ ಕಾಯುವ ಕಷ್ಟವಿಲ್ಲ. ನಾಟಿಯ ಕಾಲದಲ್ಲಿ ದೇವರ ಕೋಣೆಯಲ್ಲಿ ಒರಗಿಸಿಟ್ಟ ಕೋವಿಗಳನ್ನು ಸೆಪ್ಟೆಂಬರಿನ ಮೊದಲಲ್ಲಿಯೇ ಕೈಲ್‌ಪೊಳ್ದಿನಂದು ಹೊರತೆಗೆದು, ತೋಕ್‌ಪೂವೆಂಬ ಹೂವನ್ನು ಮುಡಿಸಿ, ತೆಂಗಿನಕಾಯಿಗೆ ಗುರಿಯಿಟ್ಟು ಆಡಿಯಾಗಿರುತ್ತದೆ. ಮಂಗಳೂರಿನ ಕ್ರೈಸ್ತನು ಸೆಪ್ಟೆಂಬರ್ 8ರ ಮೊಂತಿ ಹಬ್ಬದ ಹೊಸ ತೆನೆಯನ್ನು ನೆನೆಯುವನು. ದೇವಾಲಯದಲ್ಲಿ ಹರಸಿ ಕೊಟ್ಟ ತೆನೆಯ ಕಾಳನ್ನು ಮನೆಮಂದಿಯೆಲ್ಲ ಕೂಡಿ ಉಣ್ಣುವರು. ಪಕ್ಕದ ತುಳುವನು ನಮ್ಮಲ್ಲಿಯೂ ಹೊಸತು ಉಂಟಲ್ಲವೆ ಎಂದು ದನಿಗೂಡಿಸಿ, ಅಲ್ಲಿಂದ ಹುಲಿವೇಷದ ಬಣ್ಣಗಾರಿಕೆಗೆ ಹಾರುವನು. ಗದಗಿನ ಮುಸಲ್ಮಾನನು ತಮ್ಮೂರಿನ ಮೊಹರಮ್ಮಿನಲ್ಲಿ ಅಲಾವಿಯ ಮುಂದೆ ಹೆಜ್ಜೆ ಹಾಕುವವರಲ್ಲಿ ಲಿಂಗವಂತರೂ ಕುರುಬರೂ ಇರುವರೆಂದು ಹೇಳುವಾಗ ಹಳೆಯ ಮೈಸೂರಿನವರಿಗೆ ಅಚ್ಚರಿಯಾಗುವುದು. ಬಂಗಾಳದಿಂದ ಬಂದವನೊಬ್ಬನಿದ್ದರೆ, ಅವರ ಕಾರ್ಖಾನೆಗಳಲ್ಲಿ ಸುಮಾರು ಸೆಪ್ಟೆಂಬರ್ 17ರಂದು ಕನ್ಯಾಸಂಕ್ರಮಣದಲ್ಲಿ ವಿಶ್ವಕರ್ಮಪೂಜೆ. ಆ ದಿನ ಆಕಾಶದ ತುಂಬ ಗಾಳಿಪಟಗಳು. ಯಾವ ಹಬ್ಬ ಹೆಚ್ಚಿನದೆಂಬ ವಾದವು ಏಳದೆ ಇರುವುದಿಲ್ಲ. ಅದು ಸಾಮಾನ್ಯವಾಗಿ ಯಾರ ಮನೆಯ ತಿಂಡಿ ಹೆಚ್ಚಿನದೆಂಬ ಕಡೆಗೆ ತಿರುಗಿ, ಶಾಂತವಾಗುವುದು.

ಆದರೆ ಎಲ್ಲ ಬೆಂಕಿಯನ್ನೂ ಹಬ್ಬವೆಂದು ಆರಿಸಲಾಗದು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕುಲುಮೆಯು ಹೊತ್ತಿಕೊಂಡಿತು. ಅಂಥ ಕುಲುಮೆಯನ್ನು ಒಮ್ಮೆ ತಣಿಯಬಿಟ್ಟರೆ ಒಳಗಿನ ಲೋಹವು ಗಡ್ಡೆಕಟ್ಟುವುದು. ಮಹಾನವಮಿಯಂದೂ ಅದರ ಬಾಯಿಗೆ ಅದಿರನ್ನೂ ಇದ್ದಲನ್ನೂ ಹಾಕುವವರು ಬೇಕು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯತೊಡಗಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಅದರಿಂದ ಬೆಳಗಿದುವು. ಅನಂತರ ಮೈಸೂರಿನ ಅರಮನೆಯ ದೀಪಾಲಂಕಾರವೂ ವಿದ್ಯುತ್ತಿನದಾಯಿತು. ದಸರೆಯ ದೀಪಗಳನ್ನು ನೋಡಲು ಊರಿಗೆ ಊರೇ ನೆರೆದ ರಾತ್ರಿ ವಿದ್ಯುದಾಗಾರದಲ್ಲಿ ಎಚ್ಚರವಾಗಿದ್ದವರು ಆ ದೀಪಗಳನ್ನು ನೋಡಲಿಲ್ಲ. ರೈಲಿನವರು, ಆಸ್ಪತ್ರೆಯ ದಾದಿಯರು, ಬಸ್ಸಿನ ಚಾಲಕರು, ಇವರೆಲ್ಲರ ಹಬ್ಬವೂ ಇತರರ ಹಬ್ಬಕ್ಕಾಗಿ ಸವೆಯುವುದು.

ಇವರಿಗಾಗಿ ಕಾನೂನು ಮಾಡಿರುವುದು ಸ್ವಲ್ಪವೇನಲ್ಲ. 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯಿದೆಯ ಪ್ರಕಾರ ಹಬ್ಬದ ರಜೆಯಂದು ದುಡಿದವನಿಗೆ ಇಮ್ಮಡಿ ಕೂಲಿ ಸಲ್ಲಬೇಕು, ಇಲ್ಲವೆ ಕೂಲಿಯೊಡನೆ ಬದಲು ರಜೆ ದೊರೆಯಬೇಕು. ಕೌಟಿಲ್ಯನ ದಾನಮಾನಗಳಲ್ಲಿ ದಾನವು ಹೀಗೆ ಲೆಕ್ಕದ ಪುಸ್ತಕಕ್ಕೆ ಬಂದಿತು. ಸರಕಾರಿ ಕಛೇರಿಗಳಲ್ಲಿ ಪರಿಮಿತ ರಜೆಯೆಂಬ ಇನ್ನೊಂದು ಏರ್ಪಾಡುಂಟು. ತಮತಮಗೆ ಇಷ್ಟವಾದ ಹಬ್ಬಗಳನ್ನು ಪಟ್ಟಿಯಿಂದ ಎರಡಕ್ಕೆ ಮೀರದಂತೆ ಆರಿಸಿಕೊಳ್ಳಬಹುದು. ಎರಡೇ ಏಕೆಂದು ಕೇಳುವವರಿದ್ದಾರೆ. ನಮ್ಮ ಪಂಚಾಂಗವನ್ನು ಬಲ್ಲ ಯಾವ ಸರಕಾರವೂ ಇದಕ್ಕಿಂತ ಧೈರ್ಯ ಮಾಡಲಾರದು!

ಕಾನೂನಿನಲ್ಲಿಲ್ಲದ ಮತ್ತೊಂದು ಏರ್ಪಾಡನ್ನು ಜೊತೆಯಲ್ಲಿ ದುಡಿಯುವವರು ತಾವೇ ಮಾಡಿಕೊಂಡಿದ್ದಾರೆ. ಅದು ಪಾಳಿಯ ಬದಲಾವಣೆ. "ನವಮಿ ದಶಮಿ ನಾನು ನಿಲ್ಲುತ್ತೇನಣ್ಣಾ, ನೀವು ಊರಿಗೆ ಹೋಗಿಬನ್ನಿ, ರಂಜಾನಿಗೆ ನನ್ನ ಪಾಳಿ ನೋಡಿಕೊಂಡರಾಯಿತು" ಎಂಬ ಮಾತನ್ನು ಡಿಪೋಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ಯಾರು ಬೇಕಾದರೂ ಕೇಳಬಹುದು. ಇದಕ್ಕೆ ಕಾಗದವಿಲ್ಲ, ಸಾಕ್ಷಿಯಿಲ್ಲ. ಮೇಲಧಿಕಾರಿಯು ಹೆಸರುಗಳನ್ನು ಅದಲುಬದಲು ಮಾಡಿ ಸುಮ್ಮನಾಗುವನು. ಕ್ರಿಸ್‌ಮಸ್ಸಿನ ರಾತ್ರಿ ಆಸ್ಪತ್ರೆಯಲ್ಲಿ ಹಿಂದೂ ದಾದಿಯು ನಿಂತರೆ ದೀಪಾವಳಿಯ ರಾತ್ರಿ ಕ್ರೈಸ್ತ ದಾದಿಯು ನಿಲ್ಲುವಳು. ಕೆಲವೆಡೆ ಈ ಲೆಕ್ಕವು ಹತ್ತಾರು ವರ್ಷ ನಡೆದು, ಇಬ್ಬರಲ್ಲೊಬ್ಬರು ನಿವೃತ್ತರಾದ ದಿನವೇ ಮುಗಿಯುವುದು.

ಏಕಾದಶಿಯ ಬೆಳಿಗ್ಗೆ ಊರಿನಿಂದ ಹಿಂದಿರುಗಿದವನು ನೇರವಾಗಿ ಪಾಳಿಗೆ ಬರುವನು. ಅವನ ಚೀಲದಲ್ಲಿ ಜೊತೆಗಾರನಿಗೆಂದು ಮನೆಯವರು ಕಟ್ಟಿಕೊಟ್ಟ ಹೋಳಿಗೆಯ ಡಬ್ಬಿಯೊಂದು, ಕಾಗದದ ಪೊಟ್ಟಣದಲ್ಲಿ ನಾಲ್ಕು ಬನ್ನಿಯೆಲೆ. ರಾತ್ರಿಯೆಲ್ಲ ನಿದ್ದೆಗೆಟ್ಟವನು ಕೈಯ ಎಣ್ಣೆಯನ್ನು ಒರಸಿಕೊಂಡು ಎಲೆಗಳನ್ನು ಜೇಬಿಗಿಳಿಸಿ, ಡಬ್ಬಿಯನ್ನು ಹಿಡಿದು ಮನೆಗೆ ಹೊರಡುವನು. ಆ ಡಬ್ಬಿಯು ರಂಜಾನಿನ ಮರುದಿನ ಸುರಕುಂಬಾ ತುಂಬಿಕೊಂಡು ಹಿಂದಕ್ಕೆ ಬರುವುದು.